ಅಪ್‌ಡೇಟ್: ಆರನೇ ತಿಂಗಳಲ್ಲಿ ಮಳೆಗಾಲದ ಮೈಸೂರು, ಹೋಗಿ ಬಂದೆವು

ಆರು ತಿಂಗಳ ಬಸುರಿ, ಸಸ್ಯಾಹಾರಿ, ಆಷಾಢದ ಮಳೆಯಲ್ಲಿ ಎರಡು ದಿನ ಮೈಸೂರು ಸುತ್ತಬಹುದಾ ಎಂದು ಕೇಳಿದ್ದೆ. ಡಾಕ್ಟರ್ ಒಪ್ಪಿದರು, ಹೋಗಿ ಬಂದೆವು.

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಬೇಡ ಎಂದವರಿಗೆ ಥ್ಯಾಂಕ್ಸ್. ಆ ನೂಕುನುಗ್ಗಲು ನನ್ನಿಂದ ಆಗುತ್ತಿರಲಿಲ್ಲ. ಸೋಮವಾರ ಕಾರಿನಲ್ಲೇ ಮೇಲೆ ಹೋದೆವು. ಸಾವಿರ ಮೆಟ್ಟಿಲು ಇನ್ನೊಮ್ಮೆ ನೋಡೋಣ!

ಅರಮನೆಯಲ್ಲಿ ಚಪ್ಪಲಿ ಬಿಡಬೇಕು, ಒದ್ದೆ ನೆಲ ಜಾರುತ್ತೆ. ಯಜಮಾನರ ಕೈ ಬಿಡಲೇ ಇಲ್ಲ. ಕಲ್ಯಾಣ ಮಂಟಪದ ನವಿಲು ಗಾಜಿನ ಚಾವಣಿ ನೋಡುತ್ತಾ ನಿಂತುಬಿಟ್ಟೆ. ಭಾನುವಾರ ಸಂಜೆಯ ದೀಪಾಲಂಕಾರವನ್ನು ಕೊಡೆ ಹಿಡಿದೇ ನೋಡಿದೆವು.

ಊಟದ ಚಿಂತೆ ಸುಮ್ನೆ ಮಾಡಿದ್ದೆ. ಬಿಸಿ ಇಡ್ಲಿ, ಬೆಣ್ಣೆ ಹಾಕಿದ ಮೆತ್ತನೆ ದೋಸೆ ಎಲ್ಲೆಡೆ ಸಿಕ್ಕವು. ಹಸಿ ಚಟ್ನಿ ಮಾತ್ರ ಮುಟ್ಟಲಿಲ್ಲ. ಮೈಸೂರು ಪಾಕು? ಅದನ್ನು ಕೇಳಬೇಡಿ.