ಲೈವ್ ಟಿವಿಯಲ್ಲಿ ಚಿತ್ರ ಒಡೆಯುವುದು: ದೋಷ ಡಿಶ್‌ನದೋ, ಪೈಯದೋ?

ಪ್ರಶ್ನೆ (ಸೋಮವಾರಪೇಟೆ): ನಮಸ್ಕಾರ ಸರ್. ರಾಸ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿನಲ್ಲಿ ಲಿಬ್ರೆಎಲೆಕ್ (ಕೋಡಿ ಪ್ಲೇಯರ್ ಓಡಿಸೋ ಸಾಫ್ಟ್‌ವೇರ್) ಹಾಕಿ, ಟಿವಿಹೆಡ್‌ಎಂಡ್ ಅನ್ನೋ ಟಿವಿ ಹಿಡಿದು ರೆಕಾರ್ಡ್ ಮಾಡೋ ಪ್ರೋಗ್ರಾಂ ಮೂಲಕ ಡಿಡಿ ಫ್ರೀ ಡಿಶ್ ನೋಡ್ತಿದ್ದೇವೆ. 60 ಸೆಂ.ಮೀ. ಡಿಶ್, ಅದರ ಸಿಗ್ನಲನ್ನು ಪೈಗೆ ಕೊಡೋ ಯುಎಸ್‌ಬಿ ಟ್ಯೂನರ್, ರೆಕಾರ್ಡಿಂಗಿಗೆ ಪೋರ್ಟಬಲ್ ಹಾರ್ಡ್ ಡಿಸ್ಕ್. ಆಗಾಗ ಚಿತ್ರ ಚೌಕಚೌಕವಾಗಿ ಒಡೆದು, ಶಬ್ದ ಕಿರ್ ಅಂದು ಕಟ್ ಆಗುತ್ತೆ. ಮಳೆ ಬಿಟ್ಟು ಬಿಸಿಲು ಬಂದರೂ ಅದೇ ಕಥೆ. ಇನ್ನೊಂದು, ಸುದ್ದಿ ಚಾನೆಲ್‌ನಲ್ಲಿ ಕೆಳಗೆ ಓಡುವ ಅಕ್ಷರಗಳ ಅಂಚು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತೆ. ಲಿಬ್ರೆಎಲೆಕ್ ಮತ್ತೆ ಹೊಸದಾಗಿ ಹಾಕಿದ್ದಾಯ್ತು, ಸರಿಹೋಗಲಿಲ್ಲ.

ಉತ್ತರ: ಇವು ಎರಡು ಬೇರೆ ಬೇರೆ ದೋಷ, ಒಂದಕ್ಕೊಂದು ಸಂಬಂಧ ಇಲ್ಲ. ಚಿತ್ರದ ಜೊತೆ ಶಬ್ದವೂ ಕಟ್ಟಾದರೆ ಸಾಮಾನ್ಯವಾಗಿ ಡೇಟಾ ದಾರಿಯಲ್ಲೇ ಕಳೆದುಹೋಗಿದೆ ಅಂತ ಅರ್ಥ. ಶಬ್ದ ಸರಿಯಾಗಿದ್ದು ಚಿತ್ರ ಮಾತ್ರ ಎಳೆದಾಡಿದರೆ ಪೈ ಅದನ್ನು ತೋರಿಸುವಾಗ ಎಡವುತ್ತಿದೆ. ಸಾಫ್ಟ್‌ವೇರ್ ಮತ್ತೆ ಮತ್ತೆ ಹಾಕೋದು ಡೇಟಾ ಕಳೆದುಹೋಗೋದಕ್ಕೆ ಮದ್ದೇ ಅಲ್ಲ.

ಖಚಿತ ಮಾಡಿಕೊಳ್ಳೋಕೆ ಹತ್ತು ನಿಮಿಷ ರೆಕಾರ್ಡ್ ಮಾಡಿ. ಟಿವಿಹೆಡ್‌ಎಂಡ್‌ನಲ್ಲಿ ಪಾಸ್ ಪ್ರೊಫೈಲ್ ಆರಿಸಿದರೆ ಬಂದದ್ದು ಬಂದ ಹಾಗೇ ಟಿಎಸ್ ಫೈಲಾಗಿ ಉಳಿಯುತ್ತೆ. ಅದನ್ನು ಲ್ಯಾಪ್‌ಟಾಪಿನಲ್ಲಿ ಎರಡು ಸಲ ಹಾಕಿ. ಎರಡು ಸಲವೂ ಅದೇ ಜಾಗದಲ್ಲಿ ಒಡೆದರೆ ತಪ್ಪು ಡಿಶ್‌ನಿಂದ ಪೈವರೆಗಿನ ದಾರಿಯಲ್ಲಿದೆ. ಲ್ಯಾಪ್‌ಟಾಪಿನಲ್ಲಿ ನೀಟಾಗಿ ಓಡಿದರೆ ಡಿಶ್ ಮುಟ್ಟಲೇಬೇಡಿ. ಹಾಗೇ ಸ್ಟೇಟಸ್ ಪುಟದ ಸ್ಟ್ರೀಮ್ ಪಟ್ಟಿಯಲ್ಲಿ ಕಂಟಿನ್ಯುಟಿ ಎರರ್ (ನಡುವೆ ಡೇಟಾ ಕಳೆದುಹೋದ ಲೆಕ್ಕ) ಅಂಕಿ ನೋಡ್ತಿರಿ. ಚಾನೆಲ್ ಬದಲಿಸುವಾಗ ನಾಲ್ಕಾರು ಏರೋದು ಸಹಜ. ಒಂದೇ ಚಾನೆಲ್‌ನಲ್ಲಿ ಕೂತಾಗಲೂ ಏರುತ್ತಿದ್ದರೆ ದೋಷ. ಸಿಗ್ನಲ್ ಶೇಕಡಾವಾರು ನಂಬಬೇಡಿ, ಎಷ್ಟೋ ಟ್ಯೂನರ್ ಡ್ರೈವರ್‌ಗಳು ಅದನ್ನು ಸರಿಯಾಗಿ ಹೇಳೋದೇ ಇಲ್ಲ.

ಬಾಚಣಿಗೆ ಹಲ್ಲು ಡಿಇಂಟರ್‌ಲೇಸ್ ಆಗದ, ಅಂದರೆ ಅರೆಚಿತ್ರಗಳು ಸರಿಯಾಗಿ ಕೂಡದ ಚಿತ್ರ. ಇಲ್ಲಿನ ಎಸ್‌ಡಿ ಚಾನೆಲ್ 576 ಗೆರೆಯ ಇಂಟರ್‌ಲೇಸ್ಡ್, ಸೆಕೆಂಡಿಗೆ 50 ಅರೆಚಿತ್ರ (ಒಂದು ಸಲ ಬೆಸ ಗೆರೆ, ಇನ್ನೊಂದು ಸಲ ಸಮ ಗೆರೆ). ಚಾನೆಲ್ ಓಡುತ್ತಿರುವಾಗ ವಿಡಿಯೋ ಸೆಟ್ಟಿಂಗ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ. ಆಯ್ಕೆಯೇ ಕಾಣದಿದ್ದರೆ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಡಿಆರ್‌ಎಂ ಪ್ರೈಮ್ ಹಾರ್ಡ್‌ವೇರ್ ಡಿಕೋಡಿಂಗ್ ಆಫ್ ಮಾಡಿ ನೋಡಿ. ಎಸ್‌ಡಿ ಚಿತ್ರವನ್ನು ಪೈ 4 ಸಾಫ್ಟ್‌ವೇರಿನಲ್ಲೇ ಆರಾಮಾಗಿ ಎಳೆಯುತ್ತೆ. ಎಂಪೆಗ್-2 ಅನ್ನೋ ವಿಡಿಯೋ ರೂಪಕ್ಕೆ ಪೈ 4ರಲ್ಲಿ ಹಾರ್ಡ್‌ವೇರ್ ಡಿಕೋಡರ್ ಇಲ್ಲವೇ ಇಲ್ಲ, ಹಳೇ ಪೈಗೆ ಕೊಳ್ಳುತ್ತಿದ್ದ ಲೈಸೆನ್ಸ್ ಕೀ ಇಲ್ಲಿ ವ್ಯರ್ಥ. ಟಿವಿ 60 ಹರ್ಟ್ಸ್‌ನಲ್ಲಿದ್ದರೆ ಓಡುವ ಅಕ್ಷರ ಜರ್ಕ್ ಹೊಡೆಯುತ್ತೆ. ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಆನ್ ಮಾಡಿ 50 ಹರ್ಟ್ಸ್‌ಗೆ ಬರಲಿ.

ಪ್ರಶ್ನೆ (ಸೋಮವಾರಪೇಟೆ): ಅಕ್ಷರದ ತೊಂದರೆ ಹೋಯ್ತು ಸರ್. ರೆಕಾರ್ಡಿಂಗ್ ಮಾತ್ರ ಎರಡು ಸಲವೂ ಅದೇ ಜಾಗದಲ್ಲೇ ಒಡೀತು. ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರಿನಿಂದ ಪೈಗೆ ಆಜ್ಞೆ ಕೊಡೋ ದಾರಿ) ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್ ಅನ್ನೋ, ಕರೆಂಟ್ ಸಾಲುತ್ತಿದೆಯಾ ಅಂತ ತೋರಿಸೋ ಆಜ್ಞೆ ಕೊಟ್ಟೆ, 0ಎಕ್ಸ್50005 ಅಂತ ಬಂತು.

ಉತ್ತರ: ಕೊನೆಯ 5 ಅಂದರೆ ಈ ಕ್ಷಣವೂ ವೋಲ್ಟೇಜ್ ಸಾಲದೆ ಪೈ ತನ್ನ ವೇಗ ಇಳಿಸಿಕೊಂಡಿದೆ. ಎಕ್ಸ್ ಪಕ್ಕದ ಮೊದಲ 5 ಅಂದರೆ ಆನ್ ಆದಮೇಲೆ ಹಿಂದೆಯೂ ಹಾಗಾಗಿದೆ. ಬರೀ 0ಎಕ್ಸ್0 ಬರಬೇಕು. ಫೋನ್ ಚಾರ್ಜರ್, ಸಪೂರ ಕೇಬಲ್ ಹಾಕಿದ್ದರೆ ತೆಗೆದು 5.1 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಹಾಕಿ, ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದ ತಕ್ಷಣ ಈ ಎಚ್ಚರಿಕೆ ಬರುತ್ತೆ. ನಾಲ್ಕೂ ಯುಎಸ್‌ಬಿ ಸೇರಿ ಪೈ 4 ಕೊಡೋದು 1.2 ಆಂಪಿಯರ್ ಮಾತ್ರ. ಅದರಲ್ಲಿ ದೊಡ್ಡ ಪಾಲು ನಿಮ್ಮ ಡಿಸ್ಕ್ ಒಂದೇ ಎಳೆಯಬಹುದು, ಆಗ ಟ್ಯೂನರ್ ತಡವರಿಸುತ್ತೆ. ಡಿಸ್ಕನ್ನು ಸ್ವಂತ ಅಡಾಪ್ಟರ್ ಇರುವ ಹಬ್‌ಗೆ ಹಾಕಿ, ಟ್ಯೂನರನ್ನು ಕಪ್ಪು ಯುಎಸ್‌ಬಿ 2 ಪೋರ್ಟ್‌ಗೆ. ನೀಲಿ ಪೋರ್ಟಿನ ಡಿಸ್ಕ್ ರೇಡಿಯೋ ಗದ್ದಲ ಎಬ್ಬಿಸುತ್ತೆ, ಎರಡನ್ನೂ ಪಕ್ಕಪಕ್ಕ ಇಡಬೇಡಿ.

ಆಮೇಲೂ ಎರರ್ ಏರಿದರೆ ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಡಬ್ಬಿ) ಹತ್ತಿರದ ಕೇಬಲ್ ತುದಿಯ ಪಿನ್ ಬಿಚ್ಚಿ. ಮೋಡ ಸರಿದ ಕೂಡಲೇ ಚಿತ್ರ ವಾಪಸ್ ಬಂದರೆ ಅದು ಬರೀ ಮಳೆ. ಬಿಸಿಲಲ್ಲೂ ಒಡೆಯುತ್ತಿದ್ದರೆ ಪಿನ್ ಒಳಗೆ ನೀರು ಕೂತಿರೋದೇ ಹೆಚ್ಚು. ಒಳಗಿನ ತಾಮ್ರ ಹಸಿರು ತಿರುಗಿದ್ದರೆ, ಸುತ್ತಲಿನ ಜಾಲರಿ ಕಪ್ಪಾಗಿದ್ದರೆ, ಹೊಳೆಯುವ ಭಾಗ ಸಿಗುವವರೆಗೆ ಕೇಬಲ್ ಕತ್ತರಿಸುತ್ತಾ ಹೋಗಿ. ನೀರು ಜಾಲರಿಯೊಳಗೆ ಅಡಿಗಟ್ಟಲೆ ಏರಿರುತ್ತೆ. ಹೊಸ ಪಿನ್ ಹಾಕುವಾಗ ತಾಮ್ರ ಅಂಚಿನಿಂದ 2–3 ಮಿ.ಮೀ. ಹೊರಗಿರಲಿ, ಜಾಲರಿಯ ಒಂದು ಎಳೆಯೂ ಅದಕ್ಕೆ ತಾಗಬಾರದು. ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಮಾಮೂಲಿ ಕರೆಂಟ್ ಟೇಪ್ ಇಲ್ಲಿನ ಮಳೆಗೆ ತಡೆಯಲ್ಲ. ಮನೆ ಒಳಗೆ ಹೋಗುವ ಮುಂಚೆ ಕೇಬಲ್ ಒಂದು ಕಡೆ ಕೆಳಗೆ ಜೋತುಬಿದ್ದಿರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಪ್ರಶ್ನೆ (ನಾಪೋಕ್ಲು): ಅಣ್ಣಾ, ನಮ್ಮ ಡಿಶ್ ಮುಂದೆ ಸಿಲ್ವರ್ ಮರ ಎತ್ತರ ಆಗಿದೆ. ಕಡಿಸಬೇಕಾ? 90 ಸೆಂ.ಮೀ. ಡಿಶ್ ಹಾಕಿದರೆ ಕಕ್ಕಡ (ಆಟಿ) ತಿಂಗಳ ಮಳೆಗೆ ನಿಲ್ಲತ್ತಾ?

ಉತ್ತರ: ಡಿಡಿ ಫ್ರೀ ಡಿಶ್ ಕಳಿಸುವ ಉಪಗ್ರಹ ಜಿಸ್ಯಾಟ್-15 ಇರೋದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕೊಡಗಿನಿಂದ ಅದು ಆಗ್ನೇಯಕ್ಕಿಂತ ಸ್ವಲ್ಪ ಪೂರ್ವಕ್ಕೆ, ಉತ್ತರದಿಂದ ಅಳೆದರೆ ಸುಮಾರು 124 ಡಿಗ್ರಿ, ನೆಲದಿಂದ ಸುಮಾರು 65 ಡಿಗ್ರಿ ಎತ್ತರ. ಅಷ್ಟು ನೆಟ್ಟಗೆ ಇರೋದರಿಂದ ಡಿಶ್‌ಗಿಂತ 20 ಮೀಟರ್ ಎತ್ತರದ ಮರವೂ ಹತ್ತು ಮೀಟರ್ ದೂರದಲ್ಲಿದ್ದರೆ ಅಡ್ಡ ಬರಲ್ಲ. ಅದಕ್ಕಿಂತ ಹತ್ತಿರ ಇದ್ದರೆ ಡಿಶ್ ಜಾಗ ಬದಲಿಸಿ. ಕರಿಮೆಣಸಿನ ಬಳ್ಳಿ ಹಬ್ಬಿದ ಮರ ಟಿವಿಗೋಸ್ಕರ ಯಾಕೆ ಕಡಿಸ್ತೀರಿ?

60ರಿಂದ 90ಕ್ಕೆ ಹೋದರೆ ಸಿಗೋದು ಸುಮಾರು 3.5 ಡೆಸಿಬೆಲ್. ಸಾಧಾರಣ ಮಳೆಗೆ ಧಾರಾಳ ಸಾಕು. ದಪ್ಪ ಹನಿಯ ಜಡಿಮಳೆಯಲ್ಲಿ ಕೆಯು ಬ್ಯಾಂಡ್ (ಈ ಡಿಶ್‌ಗಳು ಹಿಡಿಯೋ ತರಂಗಗಳ ಗುಂಪು) ಸಿಗ್ನಲ್ ಅದಕ್ಕಿಂತ ಜಾಸ್ತಿ ಕುಗ್ಗುತ್ತೆ, ಆಗ ಯಾವ ಡಿಶ್ ಇದ್ದರೂ ಸ್ವಲ್ಪ ಹೊತ್ತು ಕಾಯಬೇಕು. ದೊಡ್ಡ ಡಿಶ್‌ಗೆ ಗುರಿಯೂ ಇನ್ನಷ್ಟು ಕರಾರುವಾಕ್ಕಾಗಿರಬೇಕು. ಕಂಬ ಗಾಳಿಗೆ ಅಲ್ಲಾಡಿದರೆ 90ರ ಡಿಶ್ 60ರದ್ದಕ್ಕಿಂತ ಮೊದಲೇ ಕೈಕೊಡುತ್ತೆ, ಹಾಗಾಗಿ ಬುಡಕ್ಕೆ ಕಾಂಕ್ರೀಟ್ ಹಾಕಿಸಿ.