ಹೇಸ್ಟಿಂಗ್ಸ್‌ನ 'ನೆಟ್ ಶಾಪ್': ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಗ್ಲೆಂಡಿನ ತೆಂಕಣ ಕರಾವಳಿಯ ಹೇಸ್ಟಿಂಗ್ಸ್ ಬಗ್ಗೆ ಬರೆಯುತ್ತಿದ್ದೇನೆ. 1066ರ ಕಾಳಗದಿಂದ ಎಲ್ಲರಿಗೂ ಗೊತ್ತಿರುವ ಹೆಸರು. ಆದರೆ ನನಗೆ ಅಲ್ಲಿ ಹಿಡಿಸಿದ್ದು ಮೀನುಗಾರರ ದಂಡೆ. ಅಲ್ಲಿಯದೇ ಒಂದು ಪದ ಈಗ ನನ್ನನ್ನು ಕಾಡುತ್ತಿದೆ.

ಹಳೇ ಊರಿನ ಕಡಲಂಚಿನಲ್ಲಿ ಕಪ್ಪು ಮರದ ಕಟ್ಟಡಗಳು ಸಾಲಾಗಿ ನಿಂತಿವೆ. ಅಗಲ ಎಂಟೊಂಬತ್ತು ಅಡಿ ಅಷ್ಟೇ, ಎತ್ತರ ಮಾತ್ರ ಎರಡು ಮೂರು ಅಂತಸ್ತು. ಹಲಗೆಯ ಅಂಚಿನ ಮೇಲೆ ಹಲಗೆ ಕೂರಿಸಿ ಡಾಂಬರು ಬಳಿದಿದ್ದಾರೆ. ಇವಕ್ಕೆ ಅಲ್ಲಿಯವರು 'ನೆಟ್ ಶಾಪ್' ಅನ್ನುತ್ತಾರೆ.

ನಾನು 'ಬಲೆ ಅಂಗಡಿ' ಎಂದು ಬರೆದೆ. ಕರಡು ಓದಿದ ಅಕ್ಕ ಮೊದಲು ಕೇಳಿದ್ದೇ, "ಅಲ್ಲಿ ಬಲೆ ಮಾರ್ತಾರಾ?" ಇಲ್ಲ, ಅದು ಬಲೆ, ಹಗ್ಗ, ಹಾಯಿ ಇಡುವ ಜಾಗ. ಇಂಗ್ಲಿಷಿನ 'ಶಾಪ್' ಪದಕ್ಕೆ ಹಿಂದೆ ಸಣ್ಣ ಗುಡಿಸಲು, ಕೆಲಸದ ಚಪ್ಪರ ಅನ್ನುವ ಅರ್ಥವೂ ಇತ್ತು. 'ವರ್ಕ್‌ಶಾಪ್'ನಲ್ಲಿ ಅದು ಇನ್ನೂ ಉಳಿದಿದೆ. ನಮ್ಮ 'ಅಂಗಡಿ'ಗೆ ಕೊಡು-ಕೊಳ್ಳು ಬಿಟ್ಟು ಬೇರೆ ಬದುಕಿಲ್ಲ, ಅಲ್ವಾ?

ಆಗಿನ ಬಲೆ ಹತ್ತಿಯದು, ಹಗ್ಗ ನಾರಿನದು. ಮಳೆಗೆ ಬಿಟ್ಟರೆ ಕೊಳೆತು ಹೋಗುತ್ತಿತ್ತು. ಬಂಡೆಗುಡ್ಡಕ್ಕೂ ನೀರಿಗೂ ನಡುವೆ ಜಾಗ ಕಡಿಮೆ, ಮೀನುಗಾರರು ಜಾಸ್ತಿ. ಒಬ್ಬೊಬ್ಬರಿಗೆ ಸಿಕ್ಕಿದ್ದು ಒಂದು ಚೂರು ನೆಲ, ಹಾಗಾಗಿ ಮೇಲಕ್ಕೆ ಕಟ್ಟಿಕೊಂಡರು. ಒಳಗೆ ಬಲೆ ನೇತುಹಾಕಿ ಒಣಗಿಸಲೆಂದೇ ಇಷ್ಟು ಎತ್ತರ ಎಂದು ಸುಮಾರು ಜನ ಹೇಳುತ್ತಾರೆ. ಅದು ಸರಿಯಲ್ಲ, ಕಟ್ಟಿದ್ದು ಸಾಮಾನು ಕಾಪಾಡಲು. ಆದ್ದರಿಂದ 'ಒಣಗುಮನೆ'ಯೂ ಆಗದು.

'ಉಗ್ರಾಣ' ಅಂದರೆ ನನಗೆ ಅಕ್ಕಿ ಬೆಲ್ಲದ ವಾಸನೆ ಬರುತ್ತದೆ. 'ಗೋದಾಮು' ತೀರಾ ದೊಡ್ಡದಾಯಿತು. 'ಕೊಟ್ಟಿಗೆ' ಅಂದ ಕೂಡಲೇ ದನ ನೆನಪಾಗುತ್ತದೆ, ಅದಕ್ಕೆ ಮೂರು ಅಂತಸ್ತು ಹೊಂದುವುದಿಲ್ಲ. ನನ್ನ ಮನಸ್ಸು 'ಮಳಿಗೆ'ಯ ಕಡೆ ವಾಲಿದೆ. ಇವತ್ತು ಅದೂ ಅಂಗಡಿಯೇ, ನಿಜ. ಆದರೂ 'ಮಾರಾಟ ಮಳಿಗೆ' ಎಂದು ಬಿಡಿಸಿ ಹೇಳುತ್ತೇವಲ್ಲ? ಬರೀ ಮಳಿಗೆಯಲ್ಲಿ ಸಾಮಾನು ಇಡುವ ಕಟ್ಟಡದ ಅರ್ಥಕ್ಕೂ ಜಾಗ ಇದೆ ಅನ್ನುವುದಕ್ಕೆ ಇದೇ ಗುರುತು ಅಂತ ನನಗೆ ಅನ್ನಿಸುತ್ತದೆ. 'ಬಲೆಮಳಿಗೆ' ನಿಮ್ಮ ಕಿವಿಗೆ ಒಗ್ಗುತ್ತದಾ?

ಇನ್ನೊಂದು ಪದ 'ಸ್ಟೇಡ್'. ಆ ದಂಡೆಯ ಹೆಸರೇ ಅದು. ದೋಣಿ ದಡ ಸೇರುವ ಜಾಗ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ. ಮಂಗಳೂರಿನ ಮೀನುಗಾರಿಕೆ ಬಂದರು 'ಧಕ್ಕೆ' ಥಟ್ಟನೆ ನೆನಪಾಯಿತು. ಆದರೆ ಧಕ್ಕೆಯಲ್ಲಿ ದೋಣಿ ನೀರಲ್ಲೇ ನಿಲ್ಲುತ್ತದೆ. ಹೇಸ್ಟಿಂಗ್ಸ್‌ನಲ್ಲಿ ಇವತ್ತಿಗೂ ದೋಣಿಗಳನ್ನು ಉರುಟುಗಲ್ಲಿನ ದಂಡೆಗೆ ಎಳೆದು ನಿಲ್ಲಿಸುತ್ತಾರೆ. ದೋಣಿಯ ತಳ ಕಲ್ಲಿಗೆ ಉಜ್ಜುವ ಗರಗರ ಸದ್ದು ರಸ್ತೆಗೂ ಕೇಳಿಸುತ್ತದೆ. ಹೀಗೆ ದೋಣಿ ಏರಿಸುವ ದಡಕ್ಕೆ ನಮ್ಮಲ್ಲಿ ಬೇರೆ ಹೆಸರು ಇರಲೇಬೇಕು.

ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯವರು ದಯವಿಟ್ಟು ಹೇಳಿ. ಮಳೆಗಾಲದಲ್ಲಿ ಬಲೆ ಎತ್ತಿಡುವ ಜಾಗಕ್ಕೆ, 'ಶೆಡ್' ಅನ್ನುವ ಮಾತು ಬರುವ ಮೊದಲು, ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ತುಳು, ಕೊಂಕಣಿ ಪದವಾದರೂ ಸರಿ.