ಕೇಳಿದ ಅರ್ಹತೆಗಳೆಲ್ಲ ಇಲ್ಲದಿದ್ದರೂ ಅರ್ಜಿ ಹಾಕಬಹುದೇ?

ಪ್ರಶ್ನೆ

ನಾನು ಮೂರು ವರ್ಷಗಳಿಂದ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ತಿಂಗಳ ಕೊನೆಯ ವರದಿಗಳನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವುದು, ಖರ್ಚಿನಲ್ಲಿ ಏರುಪೇರು ಕಂಡರೆ ಕಾರಣ ಹುಡುಕಿ ಮೇಲಧಿಕಾರಿಗಳಿಗೆ ವಿವರಿಸುವುದು ನನ್ನ ಕೆಲಸ. ಈಗ ಬೇರೊಂದು ಕಡೆ ಡೇಟಾ ಅನಲಿಸ್ಟ್ (ದತ್ತಾಂಶ ವಿಶ್ಲೇಷಕ) ಹುದ್ದೆ ಖಾಲಿಯಿದೆ. ಐದು ವರ್ಷಗಳ ಅನುಭವ, ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಪವರ್ ಬಿಐ (ಅಂಕಿಅಂಶಗಳನ್ನು ಚಿತ್ರರೂಪದಲ್ಲಿ ತೋರಿಸುವ ತಂತ್ರಾಂಶ) ಮತ್ತು ಪೈಥಾನ್ (ಒಂದು ಪ್ರೋಗ್ರಾಮಿಂಗ್ ಭಾಷೆ) ಬೇಕೆಂದು ಪ್ರಕಟಣೆ ಹೇಳುತ್ತದೆ. ಎಸ್‌ಕ್ಯೂಎಲ್ ತಕ್ಕಮಟ್ಟಿಗೆ ಬರುತ್ತದೆ, ಪವರ್ ಬಿಐ ಸ್ವಂತವಾಗಿ ಕಲಿಯುತ್ತಿದ್ದೇನೆ, ಪೈಥಾನ್ ಗೊತ್ತಿಲ್ಲ. ಕೆಲಸದ ವಿವರಣೆ ಓದಿದಾಗ ಇದನ್ನು ಮಾಡಬಲ್ಲೆ ಎನ್ನಿಸುತ್ತದೆ, ಅರ್ಹತೆಗಳ ಪಟ್ಟಿ ಓದಿದೊಡನೆ ಧೈರ್ಯ ಕುಗ್ಗುತ್ತದೆ. ಅರ್ಜಿ ಹಾಕಲೇ, ಬೇಡವೇ?

ಉತ್ತರ 1

ಖಂಡಿತ ಹಾಕಿ. ಸಂದರ್ಶನ ಸಮಿತಿಗಳಲ್ಲಿ ಕುಳಿತು ಬಲ್ಲವನಾಗಿ ಹೇಳುವುದಾದರೆ, ಇಂತಹ ಪಟ್ಟಿಗಳು ನೀವು ಭಾವಿಸುವಷ್ಟು ಅಳೆದು ತೂಗಿ ಬರೆದವುಗಳಲ್ಲ. ಕೆಲಸ ಬಿಟ್ಟುಹೋಗುತ್ತಿರುವವರಿಗೆ ಏನೇನು ಗೊತ್ತಿತ್ತೋ ಅದೆಲ್ಲವನ್ನೂ ಒಬ್ಬರು ಬರೆಯುತ್ತಾರೆ, ಮುಂದೆಂದಾದರೂ ಬೇಕಾಗಬಹುದು ಎಂದು ಇನ್ನೊಬ್ಬರು ಒಂದೆರಡನ್ನು ಸೇರಿಸುತ್ತಾರೆ, ಎಚ್‌ಆರ್ ವಿಭಾಗದವರು ಹಳೆಯ ಪ್ರಕಟಣೆಯ ಸಾಲುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಹಿಂದಿನವರು ಅದರಲ್ಲಿ ಬಹುಪಾಲನ್ನು ಕಲಿತದ್ದು ಅದೇ ಹುದ್ದೆಯಲ್ಲಿದ್ದಾಗ ಎಂಬುದು ಯಾರಿಗೂ ನೆನಪಾಗುವುದಿಲ್ಲ. ಫಾಸ್ಟ್‌ಎಪಿಐ ಎಂಬ ತಂತ್ರಾಂಶ ಚೌಕಟ್ಟನ್ನು ರೂಪಿಸಿದ ಸೆಬಾಸ್ಟಿಯನ್ ರಾಮಿರೆಜ್ ಅವರು 2020ರಲ್ಲಿ ಒಂದು ಪ್ರಕಟಣೆಯನ್ನು ಕಂಡರು. ಅದು ಫಾಸ್ಟ್‌ಎಪಿಐಯಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಕೇಳಿತ್ತು, ಅವರು ಅದನ್ನು ರೂಪಿಸಿಯೇ ಒಂದೂವರೆ ವರ್ಷವಾಗಿತ್ತು!

ಅರ್ಜಿಯ ಜೊತೆಗಿನ ಪತ್ರದಲ್ಲಿ ಕೊರತೆಗಾಗಿ ಕ್ಷಮೆ ಕೇಳಬೇಡಿ. ‘ಐದು ವರ್ಷಗಳ ಅನುಭವ ಇಲ್ಲದಿದ್ದರೂ’ ಎಂದು ಆರಂಭಿಸಿದರೆ ಓದುವವರ ಗಮನ ಮೊದಲು ಹೋಗುವುದು ಅಲ್ಲಿಗೇ. ಅದರ ಬದಲು ‘ಪ್ರತಿ ತಿಂಗಳು ಹಲವು ವಿಭಾಗಗಳ ಖರ್ಚಿನ ಅಂಕಿಅಂಶಗಳನ್ನು ಒಂದೆಡೆ ಸೇರಿಸಿ, ಬಜೆಟ್‌ಗಿಂತ ಹೆಚ್ಚಾದ ಬಾಬುಗಳಿಗೆ ಕಾರಣ ಗುರುತಿಸಿ ವರದಿ ಮಾಡುತ್ತೇನೆ’ ಎಂದು ಬರೆಯಿರಿ. ವಿಶ್ಲೇಷಕರ ಕೆಲಸದ ತಿರುಳು ಅದೇ, ಮತ್ತು ಅದನ್ನು ನೀವು ಈಗಾಗಲೇ ಮಾಡುತ್ತಿದ್ದೀರಿ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಎಲ್ಲ ಹುದ್ದೆಗಳಿಗೂ ಅನ್ವಯಿಸುವುದಿಲ್ಲ. ವೈದ್ಯರು, ವಿಮಾನ ಚಾಲಕರು ಮುಂತಾದವರಿಗೆ ಪರವಾನಗಿ ಕಾನೂನಿನ ಅಗತ್ಯ, ಅಲ್ಲಿ ರಿಯಾಯಿತಿಯ ಪ್ರಶ್ನೆಯೇ ಇಲ್ಲ. ನಿಯಮಾನುಸಾರ ವಿದ್ಯಾರ್ಹತೆ ನಿಗದಿಯಾಗಿರುವ ಸರ್ಕಾರಿ ಹುದ್ದೆಗಳಲ್ಲಿಯೂ ಅರ್ಜಿ ಪರಿಶೀಲನೆಯ ಹಂತದಲ್ಲೇ ತಿರಸ್ಕೃತವಾಗುತ್ತದೆ. ಖಾಸಗಿ ಸಂಸ್ಥೆಗಳ ಆನ್‌ಲೈನ್ ಅರ್ಜಿಗಳಲ್ಲಿ ‘ಐದು ವರ್ಷಗಳ ಅನುಭವವಿದೆಯೇ?’ ಎಂಬಂತಹ ಪ್ರಶ್ನೆಗಳಿರುತ್ತವೆ. ‘ಇಲ್ಲ’ ಎಂದರೆ ಅರ್ಜಿಯನ್ನು ತಾನಾಗಿಯೇ ಬದಿಗೆ ಸರಿಸುವಂತೆ ಕೆಲವರು ವ್ಯವಸ್ಥೆ ಮಾಡಿರುತ್ತಾರೆ. ಹಾಗಿದ್ದರೂ ಸುಳ್ಳು ಬರೆಯಬೇಡಿ. ಅದು ನಂತರ ಬಯಲಾದರೆ ಸಿಕ್ಕಿದ ಕೆಲಸವೂ ಕೈತಪ್ಪುತ್ತದೆ. ಅದರ ಬದಲು ಹುದ್ದೆ ಖಾಲಿಯಿರುವ ತಂಡದ ಮುಖ್ಯಸ್ಥರಿಗೆ ನೇರವಾಗಿ ನಾಲ್ಕು ಸಾಲು ಬರೆಯುವುದು ಹೆಚ್ಚು ಫಲಕಾರಿ.

ಇನ್ನು ಪೈಥಾನ್ ವಿಷಯ. ಅದು ಪಟ್ಟಿಯಲ್ಲಿ ಮಾತ್ರ ಇದೆಯೇ, ಅಥವಾ ದಿನನಿತ್ಯದ ಜವಾಬ್ದಾರಿಗಳ ವಿವರಣೆಯಲ್ಲಿಯೂ ಇದೆಯೇ ಎಂದು ನೋಡಿ. ಎರಡನೆಯದಾದರೆ ಆ ಕೊರತೆ ಗಂಭೀರವಾದದ್ದು.

ಪ್ರಶ್ನೆ ಕೇಳಿದವರು

ಮತ್ತೆ ಓದಿ ನೋಡಿದೆ. ಜವಾಬ್ದಾರಿಗಳಲ್ಲಿ ಮಾಸಿಕ ವರದಿ ಮತ್ತು ಡ್ಯಾಶ್‌ಬೋರ್ಡ್‌ಗಳ (ಮುಖ್ಯ ಅಂಕಿಅಂಶಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಪುಟಗಳ) ಮಾತಷ್ಟೇ ಇದೆ. ಪೈಥಾನ್ ‘ತಿಳಿದಿದ್ದರೆ ಆದ್ಯತೆ’ ಎಂಬ ಭಾಗದಲ್ಲಿದೆ. ಆದರೂ ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿದರೆ ಏನು ಹೇಳಲಿ?

ಉತ್ತರ 3

ಗೊತ್ತಿಲ್ಲವೆಂದು ನೇರವಾಗಿ ಹೇಳಿ, ಅದರ ಬೆನ್ನಿಗೇ ಎಸ್‌ಕ್ಯೂಎಲ್ ಹೇಗೆ ಕಲಿತಿರಿ, ಕಲಿತು ಯಾವ ಕೆಲಸಕ್ಕೆ ಬಳಸಿದಿರಿ ಎಂಬುದನ್ನು ವಿವರಿಸಿ. ಹೊಸದನ್ನು ಕಲಿಯಬಲ್ಲಿರಿ ಎಂಬುದಕ್ಕೆ ಅದೇ ಸಾಕ್ಷಿ. ಸಾರ್ವಜನಿಕವಾಗಿ ಸಿಗುವ ದತ್ತಾಂಶ ಬಳಸಿ ಪವರ್ ಬಿಐನಲ್ಲಿ ಒಂದು ಡ್ಯಾಶ್‌ಬೋರ್ಡ್ ಮಾಡಿಟ್ಟುಕೊಳ್ಳಿ. ಆದರೆ ನಿಮ್ಮ ಸಂಸ್ಥೆಯ ಅಂಕಿಅಂಶಗಳನ್ನು ಬಳಸಲೇಬೇಡಿ.

ಇನ್ನೊಂದು ವಿಷಯ. ಟಾರಾ ಮೋರ್ ಎಂಬ ಲೇಖಕಿ ಸಾವಿರಕ್ಕೂ ಹೆಚ್ಚು ವೃತ್ತಿಪರರನ್ನು ಪ್ರಶ್ನಿಸಿ 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದಿದ್ದರು. ಅರ್ಹತೆ ಪೂರ್ತಿಯಿಲ್ಲವೆಂದು ಅರ್ಜಿ ಹಾಕದವರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಕಾರಣ ‘ಕೆಲಸ ಮಾಡಲಾರೆ’ ಎಂಬುದಾಗಿರಲಿಲ್ಲ, ‘ಹೇಗೂ ತೆಗೆದುಕೊಳ್ಳುವುದಿಲ್ಲ’ ಎಂಬುದಾಗಿತ್ತು. ನಿಮ್ಮ ಪ್ರಶ್ನೆಯಲ್ಲಿಯೂ ನನಗೆ ಕಂಡದ್ದು ಅದೇ. ತೆಗೆದುಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನವನ್ನು ಆ ಸಂಸ್ಥೆಯವರಿಗೇ ಬಿಡಿ, ಕೊನೆಯ ದಿನಾಂಕಕ್ಕೆ ಕಾಯದೆ ಈ ವಾರವೇ ಕಳುಹಿಸಿ.